ಒಂಬತ್ತನೇ ಅಧ್ಯಾಯದ ಮುದುಕಿ

ನಂಗಾ ಸೆಪಾಯಾ
ಸರವಾಕ್, ೩ ಫೆಬ್ರವರಿ ೧೯೯೭

ಪೂಜ್ಯ ಮೇಷ್ಟ್ರು ಯೋ ಬೂನ್ ಲೆಂಗ್ ಅವರಿಗೆ,

ಮಿಂಡು ಮಾಡುವ ನಮಸ್ಕಾರಗಳು. ಗುರುತು ಸಿಗುತ್ತದೆಂದುಕೊಂಡಿದ್ದೇನೆ. ನೀವು ಇಲ್ಲಿಯ ಶಾಲೆಯಲ್ಲಿದ್ದ ಎರಡು ವರ್ಷವೂ ಉಂಡದ್ದು ನಮ್ಮ ಮನೆಯಲ್ಲೇ. ಆರನೇ ತರಗತಿಯ ಮುಂದಿನ ಸಾಲಿನಲ್ಲಿ ಕೂತು ಗೊತ್ತಿದ್ದದ್ದಕ್ಕೂ ಗೊತ್ತಿಲ್ಲದ್ದಕ್ಕೂ ಕೈ ಎತ್ತುತ್ತಿದ್ದವಳು ನಾನು. ಈಗ ಅದೇ ಕೋಣೆಯಲ್ಲಿ ನಾನೇ ಪಾಠ ಮಾಡುತ್ತೇನೆ. ಕಪ್ಪುಹಲಗೆ ಹೊಸದು ಬಂದಿದೆ, ಸೋರುವ ಮೂಲೆ ಮಾತ್ರ ಹಳೆಯದೇ. ಮಗಳು ಲುಲೋಂಗ್ ಈ ವರ್ಷ ಕಪಿತ್ ಪೇಟೆಯ ಹೈಸ್ಕೂಲಿಗೆ ಸೇರಿ ಹಾಸ್ಟೆಲಿನಲ್ಲಿದ್ದಾಳೆ.

ನೀವು ಶಾಲೆಗೆ ಕಳಿಸಿದ 'ಹೊಗೆಕಾಡಿನ ರಾಜಕುಮಾರ'ನ ಹತ್ತು ಪ್ರತಿ ತಲುಪಿತು. ಸಂಜೆಯೊಳಗೆ ನಮ್ಮ ಉದ್ದಮನೆಯ ಒಂದೇ ಸೂರಿನಡಿಯ ಇಪ್ಪತ್ತೆರಡು ಸಂಸಾರದ ಬಾಗಿಲಿಗೂ ಸುದ್ದಿಯಾಯಿತು. ಅಜ್ಜಿ ಅಂತೂ, "ನಮ್ಮ ಮೇಷ್ಟ್ರು ಬರ್ದಿದ್ದಾ? ಅದ್ರಲ್ಲಿ ನಾನಿದ್ದೀನಾ ನೋಡು" ಎಂದು ಬೆನ್ನು ಹತ್ತಿದ್ದಾಳೆ. ಅವಳಿಗೆ ಓದು ಬಾರದಲ್ಲ, ನಾನೇ ಓದುತ್ತ ಓದುತ್ತ ನಮ್ಮ ಇಬಾನ್ ಮಾತಿಗೆ ತಿರುಗಿಸಿ ಹೇಳುತ್ತಿದ್ದೇನೆ. ಎಂಟು ಅಧ್ಯಾಯ ಮುಗಿದವು.

ಒಂಬತ್ತನೆಯದನ್ನು ಮಾತ್ರ ಮೊದಲು ನಾನೊಬ್ಬಳೇ ಓದಿಕೊಂಡೆ. ರಾಜಕುಮಾರನ ದೋಣಿಯ ಹಿಂದೆ ಒಬ್ಬಳು ಕುಂಟು ಮುದುಕಿ, ಅಂಗೈಯಲ್ಲಿ ಅನ್ನ ಹಿಡಿದುಕೊಂಡು, "ಪುನಿ, ಪುನಿ" ಎಂದು ಕಿರುಚುತ್ತ ದಂಡೆಯುದ್ದಕ್ಕೂ ಓಡುತ್ತಾಳಲ್ಲ, ಅವಳು ಯಾರು? ನಮ್ಮ ಅಜ್ಜಿಯಲ್ಲ ತಾನೇ? ನಾನು ತಪ್ಪಾಗಿ ಓದಿಕೊಂಡಿದ್ದರೆ ದಯವಿಟ್ಟು ತಿದ್ದಿ.

ನಿಮ್ಮ ವಿದ್ಯಾರ್ಥಿನಿ,
ಮಿಂಡು


ಪಿನಾಂಗ್
೨೪ ಫೆಬ್ರವರಿ ೧೯೯೭

ಪ್ರೀತಿಯ ಮಿಂಡು,

ನೀನು ಟೀಚರಾದೆಯಾ! ಕೈ ಎತ್ತುವ ಹುಡುಗಿಯನ್ನು ಮರೆಯುವುದುಂಟೇ?

ಸಿಕ್ಕಿಬಿದ್ದೆ ನೋಡು. ಹೌದು, ಆ ಮುದುಕಿಯ ಹಿಂದೆ ನಿನ್ನ ಅಜ್ಜಿಯ ನೆರಳಿದೆ. ಓದಿದವರೆಲ್ಲ ಕೊಂಡಾಡುವುದು ಒಂಬತ್ತನೇ ಅಧ್ಯಾಯವನ್ನೇ. ಪತ್ರಿಕೆಯವರೊಬ್ಬರು 'ಮೈ ಜುಮ್ಮೆನ್ನುತ್ತದೆ' ಎಂದು ಬರೆದಿದ್ದಾರೆ. ಹಾಗೆಂದು ಅಜ್ಜಿ ಗಾಬರಿಯಾಗುವುದು ಬೇಡ. ಅದು ಕಲ್ಪನೆಯ ಲೋಕ. ಅಲ್ಲಿ ಸರವಾಕ್ ಇಲ್ಲ, ಇಬಾನರಿಲ್ಲ, ಇರುವವರು ಮುರುಂಗರು ಎಂಬ ಕಾಡುಕುಲ. ನಿಮ್ಮ ಹೊಳೆಯ ಗಾಳಿಯೊಂದನ್ನು ಸಾಲ ತಂದೆ, ಅಷ್ಟೇ.

ಒಂದು ಸಿಹಿ ಸುದ್ದಿ ಕೊಡಲೇ? ಮುಂದಿನ ವರ್ಷದಿಂದ ಹೈಸ್ಕೂಲಿನ ಮೊದಲ ತರಗತಿಗೆ ಓದುಪುಸ್ತಕವಾಗಿ ಇದನ್ನು ಇಡುವ ಮಾತು ನಡೆದಿದೆ. ಪಟ್ಟಿ ಗಟ್ಟಿಯಾಗುವುದು ಜೂನ್ ಕೊನೆಗೆ. ಇಬಾನ್ ಜನರಲ್ಲೇ ಒಬ್ಬ ಶಿಕ್ಷಕಿ ಮೆಚ್ಚಿ ನಾಲ್ಕು ಸಾಲು ಬರೆದುಕೊಟ್ಟರೆ ಸಮಿತಿಯವರಿಗೆ ಬಲವಾಗುತ್ತದೆ ಎಂದು ಪ್ರಕಾಶಕರು ಹೇಳಿದರು. ನನಗೆ ಹೊಳೆದದ್ದು ನಿನ್ನ ಹೆಸರೇ. ಹಾಗೆಯೇ ಅಜ್ಜಿಯದೊಂದು ಫೋಟೋ ಬೇಕಿತ್ತು, ಹಳೆಯ ಉಡುಪು, ತಲೆಗೆ ಬೆಳ್ಳಿಯ ಅಲಂಕಾರ ಎಲ್ಲ ತೊಟ್ಟು. ನಗದಿದ್ದರೆ ಒಳ್ಳೆಯದು.

ನಿನ್ನ ಮೇಷ್ಟ್ರು,
ಬೂನ್ ಲೆಂಗ್


ನಂಗಾ ಸೆಪಾಯಾ
೩೧ ಮಾರ್ಚ್ ೧೯೯೭

ಮೇಷ್ಟ್ರೇ,

ಫೋಟೋ ಕಳಿಸುವುದಿಲ್ಲ. ಕ್ಯಾಮೆರಾ ಕಂಡರೆ ಅಜ್ಜಿ ನಗುತ್ತಾಳೆ, ಅದನ್ನು ನಿಲ್ಲಿಸುವುದು ನನ್ನ ಕೈಲಾಗದ ಕೆಲಸ. ನಾಲ್ಕು ಸಾಲನ್ನೂ ಬರೆಯುವುದಿಲ್ಲ. ಯಾಕೆಂದು ಹೇಳುತ್ತೇನೆ.

ಲುಲೋಂಗಳ ಹಾಸ್ಟೆಲಿನ ಹುಡುಗಿಯರೆಲ್ಲ ನಿಮ್ಮ ಪುಸ್ತಕ ಓದಿದ್ದಾರೆ. ಕೋಣೆಯ ಗೆಳತಿಯೊಬ್ಬಳು ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದಳಂತೆ. ಇವಳಿಗೆ ಹೊಟ್ಟೆ ಸರಿಯಿರಲಿಲ್ಲ. ನಾವು ಮಾಡುವಂತೆಯೇ ಒಂದು ಬೆರಳಿನಿಂದ ಮುಟ್ಟಿ, ಬೆರಳನ್ನು ತುಟಿಗೆ ತಾಗಿಸಿ, "ಬೇಡ ಕಣೆ" ಎಂದಿದ್ದಾಳೆ. "ಅಯ್ಯೋ, ಪುನಿ ಹಾಕಿದ್ಲು" ಎಂದು ಆ ಹುಡುಗಿ ಕಿರುಚಿ ಡಬ್ಬಿಯನ್ನೇ ಕಸದ ಬುಟ್ಟಿಗೆ ಎಸೆದಳಂತೆ. ಅಂದಿನಿಂದ ನನ್ನ ಮಗಳ ಹೆಸರು ಪುನಿ. ಅವಳು ಬಡಿಸಿದರೆ ಉಳಿದವರು ತಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ನಮ್ಮಲ್ಲಿ ಯಾರಾದರೂ ತಿನ್ನಲು ಕೊಟ್ಟಾಗ ಬೇಡವಾಗಿದ್ದರೆ ಮುಟ್ಟಿಯಾದರೂ ಹೋಗಬೇಕು. ಮುಟ್ಟದೆ ಹೊರಟವರಿಗೆ ದಾರಿಯಲ್ಲಿ ಹಾವೋ ಮೊಸಳೆಯೋ ಎದುರಾದೀತೆಂದು ಕೊಟ್ಟವರ ಜೀವ ಹೊಡೆದುಕೊಳ್ಳುತ್ತದೆ. ಆ ಆಪತ್ತಿಗೆ ಪುನಿ ಎನ್ನುತ್ತೇವೆ. ಅದನ್ನು ಯಾರೂ ಯಾರ ಮೇಲೂ ಹಾಕುವುದಿಲ್ಲ. ಅದು ತಾಗದಿರಲಿ ಎಂದು ಬೇಡಿಕೊಂಡು ಹಿಂದೆ ಓಡುತ್ತೇವೆ. ಇಪ್ಪತ್ತೆರಡು ವರ್ಷದ ಹಿಂದೆ ನೀವು ಕೆಲಸ ಬಿಟ್ಟು ಹೊರಟ ಬೆಳಿಗ್ಗೆ ಅಜ್ಜಿ ಓಡಿದ್ದು ಹಾಗೆ. ನಾನೂ ಅವಳ ಹಿಂದೆ ಓಡಿದ್ದೆ. ನಿಮ್ಮ ದೋಣಿ ನಿಲ್ಲಲಿಲ್ಲ, ನಿಮ್ಮ ಕ್ಷೇಮದ ಕಾಗದ ಬರುವವರೆಗೆ ಮೂರು ವಾರ ಅವಳು ಸರಿಯಾಗಿ ಉಣ್ಣಲಿಲ್ಲ.

ಅವಳಿಗೆ ನೀವು ಕುಂಟು ಕೊಟ್ಟಿದ್ದೀರಿ, ಕೊಳೆತ ಹಲ್ಲು ಕೊಟ್ಟಿದ್ದೀರಿ. ಎಪ್ಪತ್ತನಾಲ್ಕರ ನಮ್ಮ ಅಜ್ಜಿ ಈಗಲೂ ಬುಟ್ಟಿ ಹೊತ್ತು ಗುಡ್ಡದ ಗದ್ದೆಗೆ ನನಗಿಂತ ಮುಂಚೆ ಹತ್ತುತ್ತಾಳೆ.

ನಿಮ್ಮ ಮುರುಂಗರನ್ನು ಎರಡು ಸಲ ಓದಿದೆ. ಮುನ್ನೂರು ಪುಟದಲ್ಲಿ ಅವರಲ್ಲಿ ಒಬ್ಬರಿಗೂ ಹೆಸರಿಲ್ಲ. ಮುಖಂಡ, ಮುದುಕಿ, ಕಪ್ಪುಕಣ್ಣಿನ ಹುಡುಗಿ. ರಾಜಕುಮಾರನ ಕುದುರೆಗೆ ಮಾತ್ರ ಎರಡೆರಡು ಹೆಸರು. ಅವರು ಬಾಯಿ ಬಿಟ್ಟರೆ "ಕಾಡು ಕೋಪ. ನೀನು ಹೋಗು" ಎಂಬಷ್ಟೇ ಮಾತು. ನಮ್ಮಲ್ಲಿ ಪಕ್ಕದ ಬಾಗಿಲಿಗೆ ಉಪ್ಪು ಕೇಳಲು ಹೋದ ಹೆಂಗಸು ಅರ್ಧ ಗಂಟೆ ಮಾತಾಡಿ ಉಪ್ಪು ಮರೆತು ಬರುತ್ತಾಳೆಂದು ನಿಮಗೇ ಗೊತ್ತು. ಮುರುಂಗರಲ್ಲಿ ಯಾರಿಗೂ ಹಲ್ಲುನೋವಿಲ್ಲ, ಯಾರೂ ಅತ್ತೆಯನ್ನು ಬಯ್ಯುವುದಿಲ್ಲ, ಯಾರೂ ಒಲೆ ಹಚ್ಚುವುದಿಲ್ಲ. ಮರಗಳ ಜೊತೆ ಮಾತಾಡುತ್ತಾರಂತೆ. ಒಂದು ದುರಿಯನ್ ಹಣ್ಣಿನ ಮರದ ದೆಸೆಯಿಂದ ಕೆಳಗಿನ ಉದ್ದಮನೆಯವರಿಗೂ ನಮಗೂ ಮೂರು ತಲೆಮಾರಿನಿಂದ ಮಾತಿಲ್ಲ. ಆ ಮರದ ಜೊತೆ ಯಾರೂ ಮಾತಾಡಿದ್ದನ್ನು ನಾನು ಕಾಣೆ. ಕಡೆಗೆ ಇಡೀ ಕುಲವೇ ರಾಜಕುಮಾರನಿಗಾಗಿ ಸಾಯುತ್ತದೆ. ಅವನು ಎರಡು ಹನಿ ಕಣ್ಣೀರು ಹಾಕಿ ಪಟ್ಟಕ್ಕೇರುತ್ತಾನೆ. ಎಷ್ಟು ಅನುಕೂಲ ನೋಡಿ.

ಈ ತಿಂಗಳ ರಜೆಗೆ ಲುಲೋಂಗ್ ಬಂದಿದ್ದಳು. ವಾಪಸು ಹೊರಟಾಗ ಅಜ್ಜಿ ಎಂದಿನಂತೆ ಅನ್ನದ ತಟ್ಟೆ ಹಿಡಿದು ದೋಣಿಕಟ್ಟೆಗೆ ಇಳಿದಳು. ದೋಣಿಯಲ್ಲಿ ಹಾಸ್ಟೆಲಿನ ಬೇರೆ ಹುಡುಗಿಯರಿದ್ದರು. ಅಜ್ಜಿ ಮೂರು ಸಲ ಕೂಗಿದಳು. ನನ್ನ ಮಗಳು ತಿರುಗಿ ನೋಡಲಿಲ್ಲ. ಆ ತಟ್ಟೆಯನ್ನು ಅಜ್ಜಿ ಸಂಜೆಯವರೆಗೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ನನಗೆ ಬೇಕಾದದ್ದು ಒಂದೇ. ಪಟ್ಟಿ ಗಟ್ಟಿಯಾಗುವ ಮೊದಲು ಆ ಅಧ್ಯಾಯವನ್ನು ತೆಗೆಯಿರಿ. ಈಗ ಒಂದು ಹಾಸ್ಟೆಲಿನಲ್ಲಿ ಆಗಿದೆ, ಆಮೇಲೆ ದೇಶದ ಎಲ್ಲ ಹಾಸ್ಟೆಲಿನಲ್ಲೂ ಆಗುತ್ತದೆ.

ಮಿಂಡು


ಪಿನಾಂಗ್
೨೧ ಏಪ್ರಿಲ್ ೧೯೯೭

ಶ್ರೀಮತಿ ಮಿಂಡು ಅವರಿಗೆ,

ನಿಮ್ಮ ಕಾಗದ ನೋಡಿ ನೋವಾಯಿತು. ಹುಡುಗಿಯರು ಚೇಷ್ಟೆ ಮಾಡಿದರೆ ಅದಕ್ಕೆ ಬರೆದವನು ಹೊಣೆಯೇ? ಹಾಸ್ಟೆಲಿನ ವಾರ್ಡನ್ನಿಗೆ ದೂರು ಕೊಡಬಹುದಿತ್ತು. ಕೊನೆಗೆ ರಾಜ್ಯವನ್ನು ಉಳಿಸುವವರು ಮುರುಂಗರೇ ಎಂಬುದನ್ನು ನೀವು ಗಮನಿಸಿದಂತಿಲ್ಲ. ನಿಮ್ಮಂಥ ಜನರನ್ನು ಕಥೆಯ ನಡುಮನೆಗೆ ತಂದು ಕೂರಿಸಿದವರು ನಮ್ಮ ಭಾಷೆಯಲ್ಲಿ ನನಗಿಂತ ಮೊದಲು ಎಷ್ಟು ಮಂದಿ ಇದ್ದರು?

ಆ ಬೆಳಿಗ್ಗೆಯ ಬಗ್ಗೆ ಒಂದು ಮಾತು. ನಾನಾಗ ಇಪ್ಪತ್ತನಾಲ್ಕರ ಪೇಟೆಯ ಹುಡುಗ. ನಿಮ್ಮ ರೀತಿನೀತಿ ನನಗೇನು ಗೊತ್ತಿತ್ತು? ಮುದುಕಿಯೊಬ್ಬಳು ಕೈಚಾಚಿ ಕಿರುಚುತ್ತ ಬಂದಾಗ ಶಪಿಸುತ್ತಿದ್ದಾಳೆಂದೇ ತಿಳಿದೆ. ಆ ಹೆದರಿಕೆಯನ್ನೇ ಪ್ರಾಮಾಣಿಕವಾಗಿ ಬರೆದೆ. ಕಂಡದ್ದನ್ನು ಬರೆಯುವುದು ತಪ್ಪಾದರೆ ಕಥೆ ಬರೆಯುವುದನ್ನೇ ಬಿಡಬೇಕು.

ಆದರೂ ನಿಮ್ಮ ಮಾತಿಗೆ ಬೆಲೆ ಕೊಟ್ಟು ಪ್ರಕಾಶಕರೊಡನೆ ಚರ್ಚಿಸಿದೆ. ಮುಂದಿನ ಮುದ್ರಣದಲ್ಲಿ 'ಪುನಿ' ಎಂಬಲ್ಲೆಲ್ಲ 'ಝುನಿ' ಎಂದು ಮಾಡುತ್ತಾರೆ. ಇದರಿಂದ ಸಮಾಧಾನವಾಗುತ್ತದೆಂದು ನಂಬಿದ್ದೇನೆ.

ಇತಿ,
ಯೋ ಬೂನ್ ಲೆಂಗ್


ನಂಗಾ ಸೆಪಾಯಾ
೫ ಮೇ ೧೯೯೭

ಮೇಷ್ಟ್ರೇ,

ಝುನಿ. ಇಡೀ ದಿನ ಈ ಪದವನ್ನು ಬಾಯಲ್ಲಿ ಹಾಕಿಕೊಂಡು ಓಡಾಡಿದೆ. ಕದ್ದ ಕೋಳಿಯ ರೆಕ್ಕೆಗೆ ಬಣ್ಣ ಬಳಿದು ಇದು ನಿಮ್ಮದಲ್ಲ ಎಂದ ಹಾಗಿದೆ.

ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ನನ್ನ ಆರನೇ ತರಗತಿಯ ಪ್ರಬಂಧದ ಪುಸ್ತಕವಿದೆ. ಅದರ ವಿಷಯ ಎತ್ತಬಾರದು, ಗುರುಗಳು ಎಂದು ಎರಡು ಕಾಗದ ತಡೆದುಕೊಂಡೆ. ನಿಮಗೆ ಏನೂ ಗೊತ್ತಿರಲಿಲ್ಲ ಎಂದು ನೀವೇ ಬರೆದ ಮೇಲೆ ತಡೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಪ್ರಬಂಧದ ಹೆಸರು 'ನಮ್ಮ ಮನೆಯ ಒಂದು ಪದ್ಧತಿ'. ಇದ್ದ ಹಾಗೇ ಇಳಿಸುತ್ತಿದ್ದೇನೆ:

"ಯಾರಾದರೂ ಊಟ ಕೊಟ್ಟರೆ ಮುಟ್ಟಬೇಕು. ಮುಟ್ಟದಿದ್ದರೆ ಪುನಿ ಆಗುತ್ತೆ. ಆಗ ಮೊಸಳೆ ಕಚ್ಚುತ್ತೆ. ಅದಕ್ಕೆ ಅಜ್ಜಿ ಎಲ್ಲರ ಹಿಂದೆ ಅನ್ನ ತಗೊಂಡು ಓಡುತ್ತಾಳೆ. ನಮ್ಮ ಅಜ್ಜಿಗೆ ಎಲ್ಲರೂ ಬದುಕಿರಬೇಕು."

ಅದರ ಕೆಳಗೆ ಕೆಂಪು ಶಾಯಿಯಲ್ಲಿ: "ಚೆನ್ನಾಗಿದೆ. ಹತ್ತಕ್ಕೆ ಎಂಟು. ನಾನೂ ಈಗ ದಿನಾ ಮುಟ್ಟುತ್ತೇನೆ." ಸಹಿ ನಿಮ್ಮದು. ತಾರೀಖು ೧೪ ಆಗಸ್ಟ್ ೧೯೭೪. ನೀವು ಹೊರಡುವುದಕ್ಕೆ ಇನ್ನೂ ಒಂದು ವರ್ಷವಿತ್ತು.

ಕಂಡದ್ದನ್ನು ಬರೆದೆ ಎನ್ನುತ್ತೀರಿ. ನೀವು ಕಂಡದ್ದು ನನಗೆ ಗೊತ್ತು, ಪಕ್ಕದಲ್ಲೇ ಕೂತು ಉಂಡವಳು ನಾನು. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಿರಿ. ನನ್ನ ಸಿಟ್ಟು ಇರುವುದು ಇಲ್ಲಿ.

ಅಜ್ಜಿಗೆ ನಾನು ಒಂಬತ್ತನೇ ಅಧ್ಯಾಯವನ್ನು ಬೇರೆ ಮಾಡಿ ಹೇಳಿದ್ದೇನೆ. ಮುದುಕಿ ಕೂಗಿದಳು, ರಾಜಕುಮಾರ ದೋಣಿ ತಿರುಗಿಸಿ ಬಂದು ಮುಟ್ಟಿ ಹೋದ ಎಂದೆ. "ಒಳ್ಳೇ ಹುಡ್ಗ, ಮರ್ತಿಲ್ಲ" ಎಂದು ಅವಳು ಕಣ್ಣೊರೆಸಿಕೊಂಡಳು. ನಿಮ್ಮ ಪರವಾಗಿ ಸುಳ್ಳು ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮಿಂಡು


ನಂಗಾ ಸೆಪಾಯಾ
೯ ಜೂನ್ ೧೯೯೭

ಲೇಖಕ ಯೋ ಬೂನ್ ಲೆಂಗ್ ಅವರಿಗೆ,

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಇದು ನನ್ನ ಕಾಗದವಲ್ಲ, ಮನೆಯದು.

ಸುಗ್ಗಿಯ ಹಬ್ಬಕ್ಕೆ ಲುಲೋಂಗ್ ಬಂದಳು. ಅಜ್ಜಿ ಅವಳ ಮುಂದೆಯೂ ಪುಸ್ತಕದ ಒಳ್ಳೇ ಹುಡುಗನ ಗುಣಗಾನ ಶುರುಮಾಡಿದಳು. ನನ್ನ ಮಗಳಿಗೆ ತಡೆಯಲಾಗಲಿಲ್ಲ. ಪುಸ್ತಕ ಎತ್ತಿಕೊಂಡು ಜಗಲಿಯ ನಡುವೆ ನಿಂತು ಒಂಬತ್ತನೇ ಅಧ್ಯಾಯವನ್ನು ಒಂದಕ್ಷರ ಬಿಡದೆ ತಿರುಗಿಸಿ ಓದಿದಳು. ನಾನು ಬಾಯಿ ಮುಚ್ಚಿಸಲು ಹೋದರೆ ಅಜ್ಜಿ ನನ್ನ ಕೈ ಹಿಡಿದು ಕೂರಿಸಿದಳು.

ಮುಗಿದ ಮೇಲೆ ಅಜ್ಜಿ ಅಳಲಿಲ್ಲ. ತಲೆಗೂದಲು ಕಟ್ಟಿಕೊಂಡು ಸೀದಾ ಹದಿನಾಲ್ಕನೇ ಬಾಗಿಲಿಗೆ, ನಮ್ಮ ಉದ್ದಮನೆಯ ಹಿರಿಯ ಉಗಾಟ್ ಮಾವನ ಹತ್ತಿರ ಹೋಗಿ, "ನನ್ನನ್ನ ತೆಪಾಂಗ್ ಅಂದಿದ್ದಾನೆ. ಪಂಚಾಯ್ತಿ ಸೇರ್ಸು" ಎಂದಳು. ಕಣ್ಣು ಬಿದ್ದರೆ ಬೆಳೆ ಒಣಗುತ್ತದೆ ಎನ್ನುವಂಥವರನ್ನು ನಾವು ತೆಪಾಂಗ್ ಎನ್ನುತ್ತೇವೆ. ಒಬ್ಬರನ್ನು ಹಾಗೆಂದರೆ ಅವರ ಮನೆಯಿಂದ ಹೆಣ್ಣು ತರುವವರಿಲ್ಲ, ಅವರ ಗದ್ದೆಗೆ ಕೆಲಸಕ್ಕೆ ಬರುವವರಿಲ್ಲ. ಹಾಗೆಂದು ಬಾಯಿಬಿಟ್ಟವರನ್ನು ಕರೆಸಿ ಕೇಳುವುದು ನಮ್ಮ ಕಟ್ಟಳೆ.

ಮಾರನೆಯ ಬೆಳಿಗ್ಗೆ ಜಗಲಿ ತುಂಬ ಜನ. ನಡೆದ ಮಾತನ್ನು ನಡೆದ ಹಾಗೇ ಬರೆಯುತ್ತೇನೆ.

ಉಗಾಟ್ ಮಾವ ಕೇಳಿದ, "ಅತ್ತೆ, ಅದು ಕಥೆಯಂತೆ. ಕಥೇಲಿ ರಾಕ್ಷಸ ಬರ್ತಾನೆ, ಹಾರೋ ಹಾವು ಬರುತ್ತೆ. ಅವ್ನು ನಿನ್ನ ಹೆಸ್ರು ಹೇಳಿಲ್ವಲ್ಲ?"

"ಹೆಸ್ರೇ ಇಲ್ಲ ಅನ್ನೋದೇ ಇನ್ನೊಂದು ಅವಮಾನ. ಎರಡು ವರ್ಷ ಉಂಡವ್ನಿಗೆ ನನ್ನ ಹೆಸ್ರು ಜೆನಾವ್ ಅಂತ ಗೊತ್ತಿಲ್ವಾ? ಕಥೆ ಆದ್ರೆ ನನ್ನ ಬಾಯಿಮಾತು ಯಾಕೆ ಬೇಕಿತ್ತು ಅವ್ನಿಗೆ? ಅವ್ನ ಅಜ್ಜಿದು ಹಾಕ್ಕೊಳ್ಬೇಕಿತ್ತು."

"ಅವ್ರ ಅಜ್ಜಿ ಇಷ್ಟು ಜೋರಾಗಿ ಕೂಗ್ತಿರ್ಲಿಲ್ವೇನೋ ಬಿಡು" ಎಂದ ಹಿಂದಿನಿಂದ ಯಾರೋ. ಜಗಲಿಯೆಲ್ಲ ನಕ್ಕಿತು. ಅಜ್ಜಿಯೂ ನಕ್ಕಳು, ನಕ್ಕು ಮತ್ತೆ ಬಿಗಿಯಾದಳು.

"ದಂಡಕ್ಕೆ ಏನು ಕೇಳ್ತೀಯ? ಹಳೇ ಕಾಲದ ಜಾಡಿ ಕೇಳು, ಬೆಲೆ ಬಾಳುತ್ತೆ" ಎಂದ ಮಾವ.

"ಜಾಡಿ ನಂಗ್ಯಾಕೆ, ಇರೋದನ್ನ ಇಡೋಕೇ ಜಾಗ ಇಲ್ಲ. ಅವ್ನು ಬರ್ಲಿ. ಇಲ್ಲಿ ನನ್ನೆದುರು ಕೂತು, ಅವ್ನು ಬರ್ದಿದ್ದನ್ನ ಅವ್ನೇ, ನಮ್ಮ ಮಾತಲ್ಲಿ ಓದ್ಲಿ. ಎಲ್ರೂ ಕೇಳ್ಲಿ. ಅಷ್ಟೇ ಸಾಕು ನಂಗೆ."

ತೀರ್ಪು ಅದೇ ಆಯಿತು. ಬರುವುದಾದರೆ ದಿನ ತಿಳಿಸಿ. ಬಾರದಿದ್ದರೆ, ಇನ್ನು ಮುಂದೆ ನಮ್ಮ ಮನೆಯಲ್ಲಿ ಉಂಡವನು ಎಂದು ಯಾವ ಸಭೆಯಲ್ಲೂ ಹೇಳಿಕೊಳ್ಳಬೇಡಿ.

ಮನೆಯ ಪರವಾಗಿ,
ಮಿಂಡು


ಪಿನಾಂಗ್
೨೮ ಜೂನ್ ೧೯೯೭

ಮಿಂಡು,

ಕೆಂಪು ಶಾಯಿಯ ಆ ಸಾಲು ನನಗೆ ನೆನಪಿತ್ತು. ನಿನ್ನ ಹತ್ತಿರ ಆ ಪುಸ್ತಕ ಇನ್ನೂ ಇದ್ದೀತೆಂದು ಎಣಿಸಿರಲಿಲ್ಲ. ಏಪ್ರಿಲಿನ ಕಾಗದದಲ್ಲಿ ನಾನು ಬರೆದದ್ದು ಸುಳ್ಳು.

ಮೊದಲು ಬರೆದ ಪ್ರತಿಯಲ್ಲಿ ಮುದುಕಿ ಅಳುತ್ತ ಓಡುತ್ತಿದ್ದಳು. ಸಂಪಾದಕರು ಓದಿ, "ಪಾಪದ ಮುದುಕಿ ಇದು. ಇಷ್ಟು ಹೊತ್ತು ಕಾಡಲ್ಲಿ ಸುತ್ತಿಸಿದ್ದೀರಿ, ಹೆದರಿಕೆ ಎಲ್ಲಿ?" ಎಂದರು. ಒಂದು ಮಧ್ಯಾಹ್ನ ಕೂತು ಬದಲಾಯಿಸಿದೆ. ಕಷ್ಟವೇ ಆಗಲಿಲ್ಲ. ಕುಂಟು, ಹಲ್ಲು, ಕಿರುಚಾಟ ಎಲ್ಲ ಸಿದ್ಧವಾಗಿ ಕೈಗೆ ಬಂದವು. ಚಿಕ್ಕಂದಿನಿಂದ ಓದಿದ ಎಷ್ಟೋ ಪುಸ್ತಕಗಳಲ್ಲಿ ಇದೇ ಮುದುಕಿ ಇದ್ದಳು.

ಆ ಬೆಳಿಗ್ಗೆ ಮುಟ್ಟದೆ ಹೊರಟದ್ದೂ ಮರೆವಿನಿಂದಲ್ಲ. ದೋಣಿಯಲ್ಲಿ ಪೇಟೆಯ ಅಧಿಕಾರಿಯೊಬ್ಬರು ಕೂತಿದ್ದರು. ಅವರ ಕಣ್ಣಿಗೆ ನಿಮ್ಮವನಂತೆ ಕಾಣಲು ನಾಚಿಕೆಯಾಯಿತು. ನಿನ್ನ ಮಗಳು ತಿರುಗಿ ನೋಡಲಿಲ್ಲ ಎಂದು ಬರೆದಿದ್ದೆಯಲ್ಲ, ಆ ಪುಟವನ್ನು ನಾನು ಪೂರ್ತಿ ಓದಲಾರದೆ ಮಡಚಿಟ್ಟೆ.

ಪುಸ್ತಕವನ್ನು ಪಟ್ಟಿಯಿಂದ ಹಿಂತೆಗೆಯುತ್ತೇನೆಂದು ಸಮಿತಿಗೆ ಮೊನ್ನೆ ಬರೆದೆ. ಪ್ರಕಾಶಕರು ಮಾತು ಬಿಟ್ಟಿದ್ದಾರೆ. ಅಂಗಡಿಯಲ್ಲಿರುವ ಪ್ರತಿಗಳನ್ನು ವಾಪಸು ತರಿಸಲು ನನ್ನಿಂದಾಗದು.

ಜುಲೈ ಇಪ್ಪತ್ತು, ಭಾನುವಾರ ಬರುತ್ತೇನೆ.

ಬೂನ್ ಲೆಂಗ್


ಕಪಿತ್
೨೦ ಜುಲೈ ೧೯೯೭, ಸಂಜೆ

ಮಿಂಡು,

ದೋಣಿಯಿಳಿದು ಲಾಡ್ಜಿಗೆ ಬಂದವನೇ ಬರೆಯುತ್ತಿದ್ದೇನೆ. ಓದು ಮುಗಿದ ಮೇಲೆ ನೀನು ಅಜ್ಜಿಯ ಜೊತೆ ಒಳಗೆ ಹೋದೆ. ದೋಣಿಕಟ್ಟೆಯಲ್ಲಿ ನಡೆದದ್ದು ನಿನಗೆ ತಿಳಿದಿರಲಾರದು.

ನಾಲ್ಕೇ ಪುಟ. ನಿಮ್ಮ ಮಾತು ನನಗೆ ಇನ್ನೂ ಇಷ್ಟು ಬರುತ್ತದೆಂದು ಗೊತ್ತಿರಲಿಲ್ಲ. ಬಾರದಿದ್ದರೆ ಚೆನ್ನಾಗಿತ್ತು. 'ನಿನಗೆ ಪುನಿ ತಗಲಲಿ ಎಂದು ಶಪಿಸಿದಳು' ಎಂಬ ಸಾಲಿಗೆ ಬಂದು ನಾನು ನಿಂತುಬಿಟ್ಟದ್ದನ್ನು ನೀನೂ ನೋಡಿದೆ. ಮೂರು ಸಲ ತಿರುಗಿಸಿ ನೋಡಿದೆ. ಪ್ರತಿ ಸಲವೂ ಬಾಯಿಂದ ಬಂದದ್ದು 'ನಿನಗೆ ಪುನಿ ತಗಲದಿರಲಿ' ಎಂದೇ. ನಿಮ್ಮ ಮಾತಿನಲ್ಲಿ ಅದು ಬರುತ್ತಿಲ್ಲ ಎಂದಾಗ ಅಜ್ಜಿ ಹೇಳಿದಳಲ್ಲ, "ಬರದೇ ಇರೋದನ್ನ ನನ್ನ ಬಾಯಿಗೆ ಹೆಂಗೆ ಹಾಕ್ದೆ? ಮುಗ್ಸು" ಎಂದು. ಮುಗಿಸಿದೆ. ಯಾರೂ ಬಯ್ಯಲಿಲ್ಲ. ಒಬ್ಬರಾದರೂ ಬಯ್ದಿದ್ದರೆ ತಲೆ ಎತ್ತಬಹುದಿತ್ತು.

ಒಳಗಿನಿಂದ ಅನ್ನದ, ಹುರಿದ ಮೀನಿನ ವಾಸನೆ ಬರುತ್ತಿತ್ತು. ಆ ಮನೆಯಲ್ಲಿ ನನಗೆ ಯಾರೂ ಊಟಕ್ಕೆ ಕೂತುಕೋ ಎನ್ನದೆ ಹೋದದ್ದು ಅದೇ ಮೊದಲು. ನಾನಾಗಿ ಕೇಳುವ ಮುಖ ನನಗಿರಲಿಲ್ಲ. ಎದ್ದು ಬಂದು ದೋಣಿ ಹತ್ತಿದೆ.

ಹಾಸ್ಟೆಲಿಗೆ ಹಿಂತಿರುಗುವ ಹುಡುಗಿಯರು ಏಳೆಂಟು ಮಂದಿ ಆಗಲೇ ಕೂತಿದ್ದರು. ಲುಲೋಂಗ್ ಕೂಡ ಇದ್ದಳು, ನನಗೆ ಬೆನ್ನು ಮಾಡಿಕೊಂಡು. ಅವರಲ್ಲಿ ಇಬ್ಬರ ಕೈಯಲ್ಲಿ ನನ್ನ ಪುಸ್ತಕವಿತ್ತು. ಒಬ್ಬಳು ಸಹಿ ಕೇಳಿದಳು. ಪೆನ್ನಿಲ್ಲ ಎಂದೆ. ಪೆನ್ನು ಜೇಬಿನಲ್ಲೇ ಕಾಣುತ್ತಿತ್ತು.

ನಾನು ದಂಡೆಯನ್ನೇ ನೋಡುತ್ತಿದ್ದೆ. ಅಜ್ಜಿ ಬರುತ್ತಾಳೆ ಎಂದು ಇಷ್ಟಾದ ಮೇಲೂ ಆಸೆ. ಅಜ್ಜಿ ಬರಲಿಲ್ಲ. ದೋಣಿಯವನು ಎಂಜಿನ್ ಶುರುಮಾಡಿದ. ಆಗ ನಿನ್ನ ಮಗಳು ಎದ್ದು, "ತಡಿ ಮಾವ" ಎಂದು ದಂಡೆಗೆ ಹಾರಿ, ಮೆಟ್ಟಿಲು ಹತ್ತಿ ಓಡಿದಳು. ತಟ್ಟೆ ಹಿಡಿದು ಬಂದಳು. ಓಡಿ ಬರುತ್ತ ಕೂಗಿದಳು, "ಪುನಿ, ಪುನಿ." ಅಜ್ಜಿಯಷ್ಟೇ ಜೋರು. ಗೆಳತಿಯರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಒಬ್ಬಳು ಕಾಲು ಎಳೆದುಕೊಂಡಳು.

ಲುಲೋಂಗ್ ನೀರಿನಲ್ಲಿ ಮೊಣಕಾಲುದ್ದ ನಿಂತು ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

"ಅಜ್ಜಿ ಕಳ್ಸಿದ್ರಾ?" ಎಂದು ಕೇಳಿದೆ.

"ಇಲ್ಲ. ಅಜ್ಜಿ ನಿಮ್ಮ ಮುಖ ನೋಡಲ್ವಂತೆ. ನಾನೇ ತಂದೆ. ಮುಟ್ಟಿ."

"ನನ್ನ ಮೇಲೆ ನಿಂಗೆ ಸಿಟ್ಟಿಲ್ವಾ?" ಎಂದುಬಿಟ್ಟೆ.

"ತುಂಬಾ ಇದೆ" ಎಂದಳು. "ದಾರೀಲಿ ನಿಮ್ಗೆ ಏನಾದ್ರೂ ಆದ್ರೆ ಇವ್ರೆಲ್ಲ ನಿಮ್ಮ ಪುಸ್ತಕಾನೇ ನಿಜ ಅಂತಾರೆ. ಮುಟ್ಟಿ."

ಎಲ್ಲರೂ ನೋಡುತ್ತಿದ್ದಂತೆ ಮುಟ್ಟಿದೆ.

ಬೂನ್ ಲೆಂಗ್